ಎಡಗಾಲಿನ ಹಿಮ್ಮಡಿ

ನಮ್ಮ ಕಡೆ ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ, ನಡಿಗೆ ನೋಡಿ ಗುರುತು ಹಿಡಿಯುವವರೇ ಹೆಚ್ಚು. ಈ ಗುಡ್ಡದಲ್ಲಿ ಮನೆ, ಎದುರಿನ ಗುಡ್ಡದಲ್ಲಿ ರಸ್ತೆ, ನಡುವೆ ಹಳ್ಳ. ರಸ್ತೆಯಲ್ಲಿ ಬರುತ್ತಿರುವವರ ಮುಖ ಕಾಣಬೇಕಾದರೆ ಅವರು ಹಳ್ಳ ಇಳಿದು ಹತ್ತಿ ಅಂಗಳಕ್ಕೇ ಬರಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಅಪ್ಪ ಜಗಲಿಯಲ್ಲಿ ಕೂತೇ ತೀರ್ಪು ಕೊಡುತ್ತಿದ್ದರು. "ಅದು ಪಕ್ಕದ ಎಸ್ಟೇಟಿನ ರೈಟ್ರು. ಹೊಟ್ಟೆ ಮುಂದೆ, ಅವ್ರು ಹಿಂದೆ." ಅಥವಾ, "ಬಾಳೂರಿನ ಭಾವ ಬಂದ್ರು. ನೋಡು, ರಸ್ತೆ ಪೂರಾ ಅವ್ರದ್ದೇ." ಅಮ್ಮ ಅಷ್ಟರಲ್ಲಿ ಒಲೆಗೆ ನೀರಿಟ್ಟಿರುತ್ತಿದ್ದಳು. ಅಪ್ಪನ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಇಂಥ ಊರಿನಲ್ಲಿ ನಡಿಗೆ ಕೆಟ್ಟರೆ ಅದನ್ನು ಎಲ್ಲಿ ಅಡಗಿಸಿಡುವುದು? ಮುಖದ ಮೇಲೆ ಕಲೆಯಿದ್ದರೆ ಸೆರಗು ಎಳೆದುಕೊಳ್ಳಬಹುದು. ಕಾಲು ಕುಂಟಿದರೆ ಎದುರು ಗುಡ್ಡದವರಿಗೂ ಕಾಣುತ್ತದೆ.

ನಾನು ಚಿಕ್ಕವಳಿದ್ದಾಗ ಕಾಫಿ ಒಣಗಿಸುವ ಕಣದ ಕಟ್ಟೆಯಿಂದ ಕೆಳಗೆ ಬಿದ್ದು ಎಡತೊಡೆ ಮುರಿದುಕೊಂಡೆ. ತೊಂಬತ್ತರ ದಶಕದ ಆರಂಭ ಅದು. ಮಳೆಗೆ ರಸ್ತೆ ಕುಸಿದು ಮೂಡಿಗೆರೆಯ ಆಸ್ಪತ್ರೆಗೆ ಜೀಪು ಹೋಗುವಂತಿರಲಿಲ್ಲ. ಮೂಳೆ ಕಟ್ಟುವವರೊಬ್ಬರನ್ನು ಕರೆತಂದು ಬಿದಿರಿನ ದಬ್ಬೆ ಕಟ್ಟಿಸಿದರು. ಮೂಳೆ ಕೂಡಿತು, ಆದರೆ ಕೂಡುವಾಗ ಒಂದರ ಮೇಲೊಂದು ಸ್ವಲ್ಪ ಏರಿ ಕೂತಿತು. ಎಡಗಾಲು ಬಲಗಾಲಿಗಿಂತ ಒಂದು ಹೆಬ್ಬೆರಳಿನ ಅಗಲದಷ್ಟು ಗಿಡ್ಡವಾಯಿತು. ಎಡಗಾಲೂರಿದಾಗಲೆಲ್ಲ ನನ್ನ ಎಡಭುಜ ಇಳಿಯುತ್ತಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಯಾರಿಗೆ ತಾನೆ ತಮ್ಮ ನಡಿಗೆ ಕಾಣುತ್ತದೆ?

ಗೊತ್ತಾದದ್ದು ಶಾಲೆಯ ಕ್ರೀಡಾದಿನ. ನನಗೆ ಓಡುವುದೆಂದರೆ ಹುಚ್ಚು. ಕುಂಟುತ್ತಿದ್ದೆನೋ ಏನೋ, ಜೋರಾಗಂತೂ ಓಡುತ್ತಿದ್ದೆ. ಅಂದು ಹುಡುಗಿಯರ ಓಟದಲ್ಲಿ ಎರಡನೆಯವಳಾಗಿ ಬಂದೆ. ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಹಿಗ್ಗಿನಿಂದ ಅಮ್ಮನ ಹತ್ತಿರ ಹೋದರೆ ಅವಳು ನನ್ನ ಮುಖ ನೋಡಲಿಲ್ಲ. ಅವಳ ಹಿಂದೆ ಕೂತಿದ್ದ ಹೆಂಗಸರು ನಗು ತಡೆಯಲು ಬಾಯಿಗೆ ಸೆರಗು ಹಿಡಿದುಕೊಂಡಿದ್ದರು. ಒಬ್ಬಳು ಸಾಕಷ್ಟು ಜೋರಾಗಿಯೇ ಹೇಳಿದಳು: "ಪಾಪ, ಕಪ್ಪೆ ಕುಪ್ಪಳಿಸ್ದಂಗೆ ಕುಪ್ಪಳಿಸ್ತದೆ. ಮುಂದೆ ಇದನ್ನ ಯಾರು ಮದ್ವೆ ಮಾಡ್ಕಳ್ತಾರೆ ಮಾರಾಯ್ತಿ?"

ನನಗೆ ನಾಚಿಕೆ ಎಂದರೆ ಏನೆಂದು ತಿಳಿದದ್ದು ಅಲ್ಲಿ. ಅದಕ್ಕೂ ಮೊದಲು ನಾಚಿಕೆಯೆಂದರೆ ಹೊಸಬರು ಬಂದಾಗ ಬಾಗಿಲ ಹಿಂದೆ ನಿಲ್ಲುವುದು ಎಂದುಕೊಂಡಿದ್ದೆ. ನಾನು ಕಣ್ಣಮುಂದೆ ಇರುವುದೇ ಒಂದು ತಪ್ಪು, ನನ್ನಿಂದಾಗಿ ನನ್ನ ಅಮ್ಮ ತಲೆ ತಗ್ಗಿಸಿ ಕೂರಬೇಕಾಗಿದೆ ಎನ್ನುವುದು ಬೇರೆಯೇ ಸಂಗತಿ. ಬಿಸ್ಕತ್ತನ್ನು ತಮ್ಮನಿಗೆ ಕೊಟ್ಟುಬಿಟ್ಟೆ. ಆಮೇಲೆ ಎಂದೂ ಓಡಲಿಲ್ಲ.

ಮಾರನೆಯ ದಿನದಿಂದ ಜಗಲಿಯಲ್ಲಿ ನನ್ನ ತರಬೇತಿ ಶುರುವಾಯಿತು. ಅಮ್ಮ ಒಂದು ತುದಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತ ಕೂರುವಳು. ನಾನು ಇನ್ನೊಂದು ತುದಿಯಿಂದ ನಡೆದು ಬರಬೇಕು. "ಎಡಗಾಲು ಊರ್ಬೇಡ. ಹಿಮ್ಮಡಿ ಎತ್ತು. ಇನ್ನೂ ಚೂರು. ಹಾಂ, ಈಗ ಭುಜ ಸಮ ಆಯ್ತು. ತಿರುಗಿ ಹೋಗು." ಅಮ್ಮನಿಗೆ ಓದು ಅಷ್ಟಕ್ಕಷ್ಟೆ. ಆದರೆ ಗಿಡ್ಡಕಾಲಿಗೆ ಬೇಕಾದ ಆ ಹೆಬ್ಬೆರಳಿನಷ್ಟು ಎತ್ತರವನ್ನು ಹಿಮ್ಮಡಿಯಿಂದಲೇ ಕಡ ತರಬಹುದೆಂದು ತಾನೇ ಕಂಡುಕೊಂಡಿದ್ದಳು. ಹೊರಗೆ ಹೋಗುವಾಗ ಚಪ್ಪಲಿಯೊಳಗೆ ಏನಾದರೂ ತುರುಕಬಹುದು. ಆದರೆ ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟಿದ ಮೇಲೆ ಎಲ್ಲರದ್ದೂ ಬರಿಗಾಲು. ಹೆಣ್ಣನ್ನು ನೋಡಲು ಬರುವವರು ನೋಡುವುದೂ ಮನೆಯೊಳಗೇ. ಹಾಗಾಗಿ ನಾನು ಬರಿಗಾಲಿನಲ್ಲೇ ಸರಿಯಾಗಬೇಕಿತ್ತು.

ಒಂದೇ ಒಂದು ಕಡೆ ಗುಟ್ಟು ರಟ್ಟಾಗುತ್ತಿತ್ತು. ಸ್ನಾನ ಮಾಡಿ ಒಳಗೆ ಬಂದರೆ ಕೆಂಪು ಗಾರೆಯ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿತ್ತು. ಬಲಗಾಲಿನದು ಪೂರ್ತಿ ಪಾದ, ಎಡಗಾಲಿನದು ಬರೀ ಐದು ಬೆರಳು ಮತ್ತು ಅವುಗಳ ಹಿಂದೆ ಒಂದು ಬಿಲ್ಲೆ. ಯಾರೇ ನೋಡಿದರೂ ಇದೇನು ಎಂದು ಕೇಳುವಂತಿತ್ತು. ಮನೆಗೆ ನೆಂಟರು ಬಂದಾಗ ಅಮ್ಮ ಬಟ್ಟೆ ಹಿಡಿದು ನನ್ನ ಹಿಂದೆಯೇ ಬಂದು ಒರೆಸುತ್ತಿದ್ದಳು. ಆಮೇಲೆ ಅದನ್ನು ನನಗೂ ಕಲಿಸಿದಳು.

ಏನೇ ಹೇಳಿ, ಕಲಿತೆ ಚೆನ್ನಾಗಿಯೇ. ಹದಿನೆಂಟು ದಾಟುವ ಹೊತ್ತಿಗೆ ನನ್ನ ಕುಂಟು ಯಾರಿಗೂ ಕಾಣುತ್ತಿರಲಿಲ್ಲ, ನನಗೂ ಎಷ್ಟೋ ಸಲ ಮರೆತುಹೋಗುತ್ತಿತ್ತು. ಕಳಸದ ಆಚೆ, ಸಂಸೆಯ ಹತ್ತಿರದ ಮನೆಯೊಂದರಿಂದ ನೋಡಲು ಬಂದರು. ಅವರದ್ದೂ ನಮ್ಮ ಹಾಗೆಯೇ ಸಣ್ಣ ತೋಟ. ಹುಡುಗನ ಜೊತೆ ಅವರಮ್ಮ ಮತ್ತು ಒಬ್ಬ ಚಿಕ್ಕಮ್ಮ ಬಂದಿದ್ದರು. ನಾನು ತುಂಬಿದ ಲೋಟಗಳ ತಟ್ಟೆ ಹಿಡಿದು ಅಡಿಗೆಮನೆಯಿಂದ ಹಜಾರಕ್ಕೆ ಬಂದೆ. ಒಂದು ಹನಿ ಚೆಲ್ಲಲಿಲ್ಲ. ಕಾಫಿ ಕುಡಿದಾದ ಮೇಲೆ ಆ ಚಿಕ್ಕಮ್ಮ, "ಒಂಚೂರು ನೀರು ತರ್ತೀಯಾ ಮಗ?" ಎಂದರು. ನೀರಿನ ತಂಬಿಗೆ ಅವರ ಪಕ್ಕದಲ್ಲೇ ಇತ್ತು. ಇನ್ನೊಮ್ಮೆ ನಡೆಸಿ ನೋಡುವುದಕ್ಕೆ ಕೇಳುತ್ತಿದ್ದಾರೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ನಾನು ಹೋದೆ, ತಂದೆ, ಪಾಸಾದೆ. ಸಂತೆಯಲ್ಲಿ ಕರುವನ್ನು ನಡೆಸಿ ನೋಡಿದ ಹಾಗಾಯಿತೆಂದು ಒಳಗೆ ಹೋಗಿ ಸಿಟ್ಟಿನಿಂದ ಲೋಟ ಕುಕ್ಕಿದೆ. ಆದರೆ ಸಿಟ್ಟಿಗಿಂತ ಹೆಚ್ಚಾಗಿದ್ದದ್ದು ನಾಚಿಕೆ. ಅವರಿಗೆ ಮೋಸ ಮಾಡಿ ಗೆದ್ದೆನಲ್ಲ ಎಂದು.

ಮದುವೆಯಾಯಿತು. ಗಂಡನ ಮನೆಯಿರುವುದು ಗುಡ್ಡದ ಓರೆಯಲ್ಲಿ. ಬಚ್ಚಲಿಗೆ ಇಳಿಯಬೇಕು, ಕೊಟ್ಟಿಗೆಗೆ ಹತ್ತಬೇಕು, ಕಣಕ್ಕೆ ಮತ್ತೆ ಇಳಿಯಬೇಕು. ಎಲ್ಲ ಕಡೆಗೂ ನಾನು ಎಡಹಿಮ್ಮಡಿ ಎತ್ತಿಕೊಂಡೇ ಓಡಾಡಿದೆ. ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಬಗ್ಗಿ ನನ್ನ ಹೆಜ್ಜೆ ನಾನೇ ಒರೆಸಿಕೊಳ್ಳುತ್ತಿದ್ದೆ. ಕೆಲವು ದಿನ ಹಾಲು ಉಕ್ಕಿತೆಂದೋ, ಆಳುಗಳು ಕರೆದರೆಂದೋ ಒರೆಸದೇ ಹೋಗಿಬಿಡುತ್ತಿದ್ದೆ. ನೆನಪಾಗಿ ಬಟ್ಟೆ ಹಿಡಿದು ವಾಪಸು ಬಂದರೆ ನೆಲ ಒಣಗಿರುತ್ತಿತ್ತು. ಸದ್ಯ ಬಚಾವು ಎಂದುಕೊಳ್ಳುತ್ತಿದ್ದೆ. ಅಲ್ಲಿನ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಒಣಗುತ್ತಿರಲಿಲ್ಲ, ನೆಲ ಹೇಗೆ ಒಣಗುತ್ತದೆಂದು ನಾನು ಯೋಚಿಸಿದ್ದರೆ ತಾನೆ!

ಮದುವೆಯಾಗಿ ಕೆಲವು ವರ್ಷಗಳಾಗುವ ಹೊತ್ತಿಗೆ ನೋವು ಶುರುವಾಯಿತು. ಮೊದಲು ಎಡ ಮೀನಖಂಡ ಗಂಟು ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಬಲ ಮಂಡಿ ಊದಿತು. ಕೊನೆಗೆ ಸೊಂಟ. ದೋಸೆ ಹೊಯ್ಯಲು ನಿಂತರೆ ಎರಡನೆಯ ದೋಸೆಗೇ ಗೋಡೆ ಹಿಡಿಯಬೇಕು. ಎಣ್ಣೆ ತಿಕ್ಕಿದೆ, ಪಟ್ಟು ಹಾಕಿದೆ, ಕಳಸದ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸಿಕೊಂಡೆ, ಹೊರನಾಡಿಗೆ ಹೋಗಿ ಹರಕೆಯನ್ನೂ ಹೊತ್ತೆ. ವಾಯುವಿರಬೇಕೆಂದರು, ರಕ್ತ ಕಮ್ಮಿಯೆಂದರು. ಕಾಲು ಗಿಡ್ಡವೆಂದು ನಾನು ಯಾರಿಗೂ ಹೇಳಲಿಲ್ಲವಾದ್ದರಿಂದ ಅದಕ್ಕೆ ಔಷಧವನ್ನೂ ಯಾರೂ ಕೊಡಲಿಲ್ಲ.

ಚಿಕ್ಕಮಗಳೂರಿನಲ್ಲಿ ನಡಿಗೆಯನ್ನೇ ಪರೀಕ್ಷೆ ಮಾಡಿ ನೋವಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಯವರೊಬ್ಬರು ಬಂದಿದ್ದಾರೆಂದು ಗಂಡ ಎಲ್ಲಿಂದಲೋ ಕೇಳಿಕೊಂಡು ಬಂದರು. ಮಳೆ ಹಿಡಿಯುವ ಮುಂಚೆ ಹೋಗಿ ಬರೋಣವೆಂದರು. ಫೋನಿನಲ್ಲಿ ಈ ವಿಷಯ ಕೇಳಿದ್ದೇ ಅಮ್ಮ ಬೆಚ್ಚಿಬಿದ್ದಳು. "ನಾನೂ ಬರ್ತೀನಿ. ನಿನ್ ಗಂಡನ್ನ ಒಳಗೆ ಮಾತ್ರ ಕರೀಬೇಡ." ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ನಮ್ಮ ಜೀಪು ಹತ್ತಿದಳು. ಚಿಕ್ಕಮಗಳೂರು ತಲುಪಿದ ಮೇಲೆ ಅಳಿಯನಿಗೆ ಉಪಾಯವಾಗಿ, "ನೀವು ಪಂಪಿನ ಸಾಮಾನು ತರಬೇಕಂತಿದ್ರಲ್ಲ, ಹೋಗ್ಬನ್ನಿ. ಹೆಂಗಸ್ರ ವಿಷ್ಯ, ನಾವು ನೋಡ್ಕಳ್ತೀವಿ" ಎಂದು ಕಳಿಸಿಬಿಟ್ಟಳು.

ಒಳಗಿದ್ದದ್ದು ನನ್ನ ವಯಸ್ಸಿನದೇ ಒಬ್ಬ ಹುಡುಗಿ. ಅಮ್ಮ ಅವಳನ್ನು ಡಾಕ್ಟ್ರೇ ಎಂದೇ ಕರೆದಳು. ಉದ್ದನೆಯ ಓಣಿಯಂಥ ಕೋಣೆ, ಅದರ ತುದಿಯಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿದ್ದ ಸಣ್ಣ ವಿಡಿಯೋ ಕ್ಯಾಮೆರಾ, ಪಕ್ಕದಲ್ಲೊಂದು ಕಂಪ್ಯೂಟರ್. ಮಂಡಿ ಕಾಣಬೇಕೆಂದು ಆಕೆ ನನ್ನ ಕೈಗೆ ಒಂದು ಚಡ್ಡಿ ಕೊಟ್ಟಳು. ಚಡ್ಡಿ! ನನ್ನ ಮಂಡಿಯನ್ನು ಬಚ್ಚಲುಮನೆಯ ಗೋಡೆ ಬಿಟ್ಟರೆ ಬೇರೆ ಯಾರೂ ಸರಿಯಾಗಿ ಕಂಡಿರಲಿಲ್ಲ. ಪರದೆಯ ಹಿಂದಿನಿಂದ ಈಚೆ ಬರಲು ಎಷ್ಟು ಹೊತ್ತು ಮಾಡಿದೆನೆಂದರೆ ಅಮ್ಮನೇ ಒಳಗೆ ಇಣುಕಿ, "ಬಾ, ಯಾರೂ ಇಲ್ಲ" ಎಂದಳು. ಯಾರೂ ಇಲ್ಲದಿದ್ದರೇನು, ಕ್ಯಾಮೆರಾ ಇತ್ತಲ್ಲ.

"ಅಲ್ಲಿಂದ ಇಲ್ಲಿ ತನಕ ನಡೀರಿ" ಎಂದಳು ಆಕೆ. ನಡೆದೆ. ಹೆಣ್ಣು ನೋಡಲು ಬಂದವರ ಮುಂದೆ ನಡೆದ ಹಾಗೆಯೇ. ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ನನ್ನ ಭುಜವನ್ನೇ ನೋಡುತ್ತಿದ್ದಳು.

"ಹೀಗಲ್ಲ. ನೀವು ಯಾವಾಗ್ಲೂ ನಡೆಯೋ ಹಾಗೆ."

"ಇದೇ ನಾನು ಯಾವಾಗ್ಲೂ ನಡೆಯೋದು" ಎಂದೆ. ಅದು ಸುಳ್ಳಾಗಿರಲಿಲ್ಲ, ಬೇರೆ ನಡಿಗೆ ನನಗೆ ಗೊತ್ತೇ ಇರಲಿಲ್ಲ.

ಆಕೆ ನನ್ನನ್ನು ಬೇಗ ನಡೆಸಿದಳು, ಹಿಂದಕ್ಕೆ ನಡೆಸಿದಳು. ನಮ್ಮ ತೋಟ ಎಲ್ಲಿ, ಈ ಸಲ ಕಾಫಿ ಅರಳಿಸುವ ಹೂಮಳೆ ಆಯಿತೇ ಎಂದೆಲ್ಲ ಮಾತಿಗೆಳೆದಳು. ನಾನು ಉತ್ತರ ಹೇಳುತ್ತಿದ್ದಾಗಲೇ, "ಈಗ ಓಡಿ" ಎಂದಳು.

ಓಡುವುದೇ? ನಾನು ಅಮ್ಮನ ಮುಖ ನೋಡಿದೆ. ಅವಳು ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಆದರೆ ಆ ಹುಡುಗಿ ಬಿಡಲಿಲ್ಲ, ಮತ್ತೆ ಮತ್ತೆ ಓಡಿಸಿದಳು. ಏದುಸಿರು ಬಂತು, ಮೀನಖಂಡ ಸೋತಿತು. ಮೂರನೆಯದೋ ನಾಲ್ಕನೆಯದೋ ಸಲ ನನ್ನ ಎಡಹಿಮ್ಮಡಿ ನೆಲಕ್ಕೆ ಬಡಿಯಿತು. ಭುಜ ಇಳಿಯಿತು. ಕಪ್ಪೆ ಕುಪ್ಪಳಿಸಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಆಕೆ ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿದಳು. ಜೀವನದಲ್ಲಿ ಮೊದಲ ಸಲ ನನ್ನ ನಡಿಗೆಯನ್ನು ನಾನು ನೋಡಿದೆ. ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಆಕೆ ಚಿತ್ರವನ್ನು ನಿಧಾನ ಮಾಡಿ, ನಿಲ್ಲಿಸಿ, ಪೆನ್ನಿನ ತುದಿಯಿಂದ ತೋರಿಸಿದಳು. "ಬಲಗಾಲು ನೋಡಿ. ಮೊದ್ಲು ಹಿಮ್ಮಡಿ ಊರುತ್ತೆ, ಆಮೇಲೆ ಪೂರ್ತಿ ಪಾದ, ಆಮೇಲೆ ಬೆರಳು ತಳ್ಳುತ್ತೆ. ಎಡಗಾಲಲ್ಲಿ ಬರೀ ಬೆರಳು. ಅಂದ್ರೆ ಮೀನಖಂಡಕ್ಕೆ ಒಂದು ಕ್ಷಣವೂ ಬಿಡುವಿಲ್ಲ. ಅದಕ್ಕೇ ಅದು ಕಟ್ಟಿಗೆ ಥರ ಆಗಿರೋದು. ಎಡಗಾಲು ಭಾರ ತಗೊಳ್ಳೋಕೆ ಹೆದರುತ್ತೆ ಅಂತ ಬಲ ಮಂಡಿ ಎಲ್ಲ ಹೊರ್ತಿದೆ. ಸೊಂಟ ಎರಡನ್ನೂ ಸಂಭಾಳಿಸ್ತಿದೆ." ಆಮೇಲೆ ಓಡಿದ ಚಿತ್ರ ಹಾಕಿದಳು. ನಾನು ನೋಡಲಾರದೆ ನೆಲ ನೋಡಿದೆ. "ಇಲ್ಲಿ ನೋಡಿ, ಇಲ್ಲಿ ನಿಮ್ಮ ಕಾಲು ಕೆಲಸ ಹಂಚ್ಕೊಂಡಿದೆ. ಕುಂಟ್ತೀರಿ, ನಿಜ. ಆದ್ರೆ ಹಿಮ್ಮಡಿ ಊರಿದೆ, ಸೊಂಟ ಸಡಿಲ ಆಗಿದೆ. ಕಾಲು ಗಿಡ್ಡ ಇರೋದ್ರಿಂದ ಬಂದ ನೋವಲ್ಲ ಇದು. ಗಿಡ್ಡ ಇಲ್ಲ ಅಂತ ತೋರಿಸೋದ್ರಿಂದ ಬಂದಿದ್ದು."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಚಿಕಿತ್ಸೆ ಕಷ್ಟದ್ದಲ್ಲ ಎಂದಳು ಆಕೆ. ಮೀನಖಂಡ ಎಳೆಯುವ ವ್ಯಾಯಾಮ, ಸೊಂಟಕ್ಕೆ ಬಲ ಬರುವ ವ್ಯಾಯಾಮ, ಮತ್ತೆ ಎಡಗಾಲಿಗೆ ದಪ್ಪ ಅಟ್ಟೆಯ ಚಪ್ಪಲಿ. ಅದನ್ನು ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಹಾಕಿರಬೇಕು. ಮನೆಯೊಳಗೂ.

"ಒಳಗೂನಾ?" ಅಮ್ಮನಿಗೆ ಈಗ ಮಾತು ಬಂತು. "ಒಳಗೆ ಚಪ್ಪಲಿ ಹಾಕ್ಕೊಂಡು ಓಡಾಡಿದ್ರೆ ಎಲ್ರಿಗೂ ಗೊತ್ತಾಗಲ್ವಾ ಡಾಕ್ಟ್ರೇ? ಮಲಗೋವಾಗ ಹಾಕ್ಕೊಂಡ್ರೆ ಆಗಲ್ವಾ?"

ಆ ಹುಡುಗಿ ನಗಲಿಲ್ಲ. "ಇವರಿಗೆ ಹೀಗೆ ನಡೆಯೋದನ್ನ ಯಾರು ಕಲಿಸಿದ್ದು?" ಎಂದು ಮೆಲ್ಲಗೆ ಕೇಳಿದಳು. ಅಮ್ಮ ನನ್ನ ಕಡೆ ನೋಡಿದಳು, ಶಾಲೆಯ ಮೈದಾನದಲ್ಲಿ ನಾನು ಅವಳ ಕಡೆ ನೋಡಿದ ಹಾಗೆ. ಆ ನೋಟವನ್ನು ತಡೆಯಲು ನನ್ನಿಂದ ಆಗಲಿಲ್ಲ. "ಯಾರೂ ಕಲಿಸಿಲ್ಲ. ತಾನೇ ಬಂದಿದ್ದು" ಎಂದೆ.

ಚಪ್ಪಲಿ ಮಾಡಿಸಿಕೊಂಡು ಹೊರಟಾಗ ಸಂಜೆಯಾಗುತ್ತ ಬಂದಿತ್ತು. ಏನಂತೆ ಎಂದು ಗಂಡ ಕೇಳಿದರು. ಮೂಳೆ ಸವೆತವಂತೆ ಎಂದೆ. ಅವರು ಹೂಂ ಎಂದು ಗೇರು ಬದಲಿಸಿದರು. ಮೂಡಿಗೆರೆಯಲ್ಲಿ ಇಳಿಯುವಾಗ ಅಮ್ಮ ನನ್ನ ಕೈ ಹಿಡಿದು ಕಿವಿಯ ಹತ್ತಿರ ಹೇಳಿದಳು: "ಕೋಣೆ ಒಳಗೆ ಬಾಗ್ಲು ಹಾಕ್ಕೊಂಡು ಹಾಕ್ಕೊ ಮಗ. ಅಷ್ಟು ಸಾಕು."

ಹಾಗೆಯೇ ಮಾಡಿದೆ. ವ್ಯಾಯಾಮವೆಲ್ಲ ಬಾಗಿಲು ಹಾಕಿಕೊಂಡು. ಚಪ್ಪಲಿಯನ್ನು ಸೀರೆಗಳ ಹಿಂದೆ, ಬೀರುವಿನ ತಳದಲ್ಲಿ ಮುಚ್ಚಿಟ್ಟೆ. ಹಾಕಿಕೊಂಡದ್ದು ಅಪರೂಪಕ್ಕೆ, ಹಾಕಿಕೊಂಡಾಗ ಮಂಚದಿಂದ ಕಿಟಕಿಯ ತನಕ ಮಾತ್ರ. ನೋವು ಎಲ್ಲಿ ಕಡಿಮೆಯಾಗಬೇಕು? ಮಳೆ ಜೋರಾದ ಮೇಲೆ ಇನ್ನೂ ಹೆಚ್ಚಿತು. ಮೆಟ್ಟಿಲಿಗೆ ಕೂತು ಇಳಿಯುವ ಹಾಗಾಯಿತು. ಹೀಗೇ ಆದರೆ ಮುಂದಿನ ಮಳೆಗಾಲಕ್ಕೆ ನಾನು ಹಾಸಿಗೆ ಹಿಡಿದವಳೇ ಎಂದು ನನಗೆ ಅರ್ಥವಾಗುತ್ತಿತ್ತು. ಆದರೂ ಆ ಚಪ್ಪಲಿ ಮೆಟ್ಟಿ ಹಜಾರಕ್ಕೆ ಕಾಲಿಡುವುದನ್ನು ನೆನೆದರೆ ಬೀರುವಿನ ಬಾಗಿಲನ್ನು ಮತ್ತೆ ಮುಚ್ಚಿಬಿಡುತ್ತಿದ್ದೆ. ನೋವು ತಡೆಯಬಲ್ಲೆ, ಅವರೆಲ್ಲ ನೋಡುವುದನ್ನು ತಡೆಯಲಾರೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಸ್ನಾನ ಮಾಡಿ ಮೆಟ್ಟಿಲು ಹತ್ತಿ ಬಂದರೆ ಹಿತ್ತಲ ಬಾಗಿಲಿನ ಒಳಗೆ, ಹೊಸ್ತಿಲಿಗೆ ತಾಗಿಸಿ, ನನ್ನ ಚಪ್ಪಲಿ ಇಟ್ಟಿತ್ತು. ಪಕ್ಕದಲ್ಲಿ ಅತ್ತೆ ಕಾಲು ಚಾಚಿ ಕೂತು ಕೆಸುವಿನ ಎಲೆ ಸುತ್ತುತ್ತಿದ್ದರು.

"ಬೀರು ತೆಗೆದ್ರೆ ಬೂಷ್ಟು ವಾಸ್ನೆ. ನೋಡಿದ್ರೆ ಇದು. ಒರೆಸಿ ಒಲೆ ಹತ್ರ ಇಟ್ಟಿದ್ದೆ, ಒಣಗಿದೆ. ಹಾಕ್ಕೊ."

ನಾನು ಹೊಸ್ತಿಲ ಹೊರಗೇ ನಿಂತೆ. "ಒಳಗೆ ಹೆಂಗೆ ಅತ್ತೆ..."

"ಒಳಗೇ ಹಾಕ್ಕೊ. ದೇವ್ರ ಕೋಣೆ ಒಂದು ಬಿಟ್ಟು." ಅವರು ಎಲೆಯಿಂದ ಕಣ್ಣೆತ್ತಲಿಲ್ಲ. "ನಂಗೂ ವಯಸ್ಸಾಯ್ತು ಮಾರಾಯ್ತಿ. ದಿನಾ ನಿನ್ ಹಿಂದೆ ಬಗ್ಗಿ ಬಗ್ಗಿ ಆ ಹೆಜ್ಜೆ ಒರೆಸೋಕೆ ಸೊಂಟ ಬಗ್ಗಲ್ಲ ಈಗ."

ನಾನು ಒರೆಸಲು ಮರೆತ ಬೆಳಿಗ್ಗೆಗಳೆಲ್ಲ ಒಟ್ಟಿಗೆ ನೆನಪಾದವು. ಒಣಗಿದ್ದ ನೆಲವೆಲ್ಲ ನೆನಪಾಯಿತು.

"ನಿಮ್ಗೆ ಯಾವಾಗ್ಲಿಂದ ಗೊತ್ತು?" ಎಂದೆ.

"ನಿಮ್ಮನೇಲಿ ಕಾಫಿ ತಂದ್ಯಲ್ಲ, ಆವತ್ತೇ. ತಟ್ಟೆ ಒಂಚೂರೂ ಅಲುಗ್ಲಿಲ್ಲ. ಆ ವಯಸ್ಸಿನ ಹುಡುಗಿ ಅಷ್ಟು ಹುಷಾರಾಗಿ ಯಾಕೆ ನಡೀತಾಳೆ ಅಂತ ಆಮೇಲೆ ಕಾಲು ನೋಡ್ದೆ. ಮನೆಗೆ ಬಂದು ಇವ್ನಿಗೂ ಹೇಳ್ದೆ. ಆದ್ರೇನಂತೆ ಅಂದ. ನೀನೇ ಮುಚ್ಚಿಟ್ಕೊಂಡಿರೋವಾಗ ನಾವ್ ಹೆಂಗೆ ಬಾಯಿ ಬಿಡೋದು, ನಿಂಗೆ ಬೇಜಾರಾಗಲ್ವಾ?"

ಇದು ನಮ್ಮ ಕಡೆಯ ಮರ್ಯಾದೆ. ಕಂಡರೂ ಕಾಣದ ಹಾಗಿರುವುದು. ಅಷ್ಟು ವರ್ಷ ಇಡೀ ಮನೆ ನನ್ನ ಮರ್ಯಾದೆ ಕಾಪಾಡಿತ್ತು, ನಾನು ಅವರ ಕಣ್ಣಿಗೆ ಬೀಳಬಾರದೆಂದು ಮಂಡಿ ಕಳೆದುಕೊಂಡಿದ್ದೆ. ನೋಡುತ್ತಿರುವವರ ಮುಂದೆಯೇ ಅವಿತುಕೊಂಡಿದ್ದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ಅತ್ತೆಯ ಮೇಲೆ ಕೂಗಾಡಬೇಕೆನಿಸಿತು. ನನ್ನ ಹೆಜ್ಜೆ ಒರೆಸಲು ಬಗ್ಗಿದ ಬೆನ್ನು ಅದೇ ಎಂದು ಹೊಳೆಯಿತು. ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿ ಒಳಗೆ ಬಂದೆ. ಎಡಹಿಮ್ಮಡಿ ಊರಿತು. ಟಪ್ ಟಪ್ ಎಂದು ಮನೆಯೆಲ್ಲ ಸದ್ದಾಯಿತು. ಕಾಫಿ ಕುಡಿಯುತ್ತಿದ್ದ ಗಂಡ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಪೇಪರಿನೊಳಗೆ ಹೋದರು. ನನ್ನ ಕಿವಿ ಸುಡುತ್ತಿತ್ತು.

ಆ ಮಧ್ಯಾಹ್ನ ಅಮ್ಮನ ಫೋನು ಬಂತು. ಫೋನಿದ್ದದ್ದು ಹಜಾರದಲ್ಲಿ. ಅಲ್ಲೇ ಅತ್ತೆ ಮಲಗಿದ್ದರು, ನಿದ್ದೆ ಬಂದಿರಲಿಲ್ಲ.

"ನೋವು ಹೆಂಗಿದೆ ಮಗ? ಚಪ್ಪಲಿ ಹಾಕ್ಕೊಳ್ತಿದೀಯಾ?"

"ಹಾಕ್ಕೊಳ್ತಿದೀನಿ."

ಅಮ್ಮ ದನಿ ತಗ್ಗಿಸಿದಳು. "ಅಲ್ಲಿ ಯಾರಿಗೂ ಗೊತ್ತಾಗಿಲ್ಲ ತಾನೆ?"

ನಾನು ನನ್ನ ಕಾಲು ನೋಡಿದೆ. ಎರಡು ಹಿಮ್ಮಡಿಯೂ ಊರಿ ನಿಂತಿದ್ದವು. ಅತ್ತೆ ಗೋಡೆಯ ಕಡೆಗೆ ಮಗ್ಗುಲಾಗಿ ಕೇಳಿಸದವರ ಹಾಗೆ ಕಣ್ಣು ಮುಚ್ಚಿಕೊಂಡರು.

"ಇಲ್ಲಮ್ಮ" ಎಂದೆ. "ಯಾರಿಗೂ ಗೊತ್ತಾಗಿಲ್ಲ."